ಕ್ವೆರಿ ಭಾಷೆಯ ಪಾರ್ಸರ್ ಬದಲಿಸುವಾಗ ಹಳೇ ಕ್ವೆರಿಗಳನ್ನು ಉಳಿಸಿಕೊಳ್ಳುವುದು ಹೇಗೆ?

ಲಾಗ್‌ಗಾವಲು:

ಎಲ್ಲರಿಗೂ ನಮಸ್ಕಾರ. ನಾವು ಲಾಗ್ (ಕಂಪ್ಯೂಟರ್‌ಗಳು ಬರೆದಿಡುವ ದಾಖಲೆ) ಹುಡುಕುವ ಒಂದು ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಏನು ಹುಡುಕಬೇಕು ಅಂತ ಹೇಳುವ ಸಾಲನ್ನು, ಅಂದರೆ ಕ್ವೆರಿಯನ್ನು, ಬರೆಯಲು ಅದಕ್ಕೆ ಅದರದೇ ಆದ ಸಣ್ಣ ಭಾಷೆ ಇದೆ. ಈಗಿರುವ ಪಾರ್ಸರ್ (ಕ್ವೆರಿ ಓದಿ ಅರ್ಥ ಬಿಡಿಸುವ ಭಾಗ) ಮೊದಲು ಸಾಲನ್ನು ಸ್ಪೇಸ್ ಇರುವಲ್ಲೆಲ್ಲ ಒಡೆಯುತ್ತದೆ, ಆಮೇಲೆ ಒಂದೊಂದು ತುಂಡನ್ನೂ ರೆಜೆಕ್ಸ್‌ಗೆ, ಅಂದರೆ ಅಕ್ಷರಗಳ ಒಂದು ಮಾದರಿಗೆ, ಹೊಂದುತ್ತದಾ ಅಂತ ನೋಡುತ್ತದೆ. ವರ್ಷಗಳಿಂದ ಒಬ್ಬೊಬ್ಬರೂ ಒಂದೊಂದು ಇಫ್ ಸೇರಿಸುತ್ತಾ ಬಂದಿದ್ದಾರೆ. ಬರೆದಿಟ್ಟ ವ್ಯಾಕರಣ ಎಲ್ಲೂ ಇಲ್ಲ. ಒಂದು ಆವರಣದ ಒಳಗೆ ಇನ್ನೊಂದು ಆವರಣ ಬಂದರೆ ಕೈಚೆಲ್ಲುತ್ತದೆ. ತಪ್ಪು ಎಲ್ಲಿದೆ ಅಂತಲೂ ಹೇಳುವುದಿಲ್ಲ.

ಹಾಗಾಗಿ ಸಾಲನ್ನು ಪದ, ಚಿಹ್ನೆಗಳಾಗಿ (ಟೋಕನ್) ಒಡೆಯುವ ಸರಿಯಾದ ಟೋಕನೈಸರ್, ವ್ಯಾಕರಣದ ನಿಯಮಗಳಂತೆ ತನ್ನನ್ನೇ ಕರೆದುಕೊಂಡು ಓದುವ ರಿಕರ್ಸಿವ್ ಡಿಸೆಂಟ್ ಪಾರ್ಸರ್ ಬರೆದಿದ್ದೇವೆ. ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಆದರೆ ಬಳಕೆದಾರರ ಡ್ಯಾಶ್‌ಬೋರ್ಡ್‌ಗಳಲ್ಲಿ, ಅಲರ್ಟ್‌ಗಳಲ್ಲಿ ಸೇವ್ ಆದ ಹಳೇ ಕ್ವೆರಿಗಳು ತುಂಬಾ ಇವೆ. ಒಂದು ಉದಾಹರಣೆ ನೋಡಿ:

ಎರರ್ ಆರ್ ಟೈಮ್‌ಔಟ್ ಆ್ಯಂಡ್ ಪೇಮೆಂಟ್

ಹಳೇ ಪಾರ್ಸರ್‌ನಲ್ಲಿ ಆ್ಯಂಡ್ (ಎರಡೂ ಇರಬೇಕು), ಆರ್ (ಒಂದಿದ್ದರೂ ಸಾಕು) ಎರಡಕ್ಕೂ ಆದ್ಯತೆ ಒಂದೇ. ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತದೆ. ಅಂದರೆ (ಎರರ್ ಆರ್ ಟೈಮ್‌ಔಟ್) ಆ್ಯಂಡ್ ಪೇಮೆಂಟ್. ಹೊಸದರಲ್ಲಿ ಹೆಚ್ಚಿನ ಭಾಷೆಗಳ ಹಾಗೆ ಆ್ಯಂಡ್‌ಗೆ ಆದ್ಯತೆ ಜಾಸ್ತಿ. ಹಾಗಾಗಿ ಅದು ಎರರ್ ಆರ್ (ಟೈಮ್‌ಔಟ್ ಆ್ಯಂಡ್ ಪೇಮೆಂಟ್) ಆಗುತ್ತದೆ. ಇದು ಅಲರ್ಟ್ ಆಗಿದ್ದರೆ ಪೇಮೆಂಟ್‌ಗೆ ಸಂಬಂಧವೇ ಇಲ್ಲದ ಪ್ರತಿ ಎರರ್‌ಗೂ ರಾತ್ರಿ ಯಾರದೋ ಫೋನ್ ಹೊಡೆದುಕೊಳ್ಳುತ್ತದೆ.

ಇನ್ನೂ ಇವೆ. ಮುಚ್ಚದೇ ಬಿಟ್ಟ ಕೋಟ್ ಚಿಹ್ನೆಯನ್ನು ಹಳೆಯದು ಸುಮ್ನೆ ಒಪ್ಪಿಕೊಳ್ಳುತ್ತದೆ. ವೆಬ್-01 ಅನ್ನುವ ಹೆಸರಿನ ನಡುವಿನ ಗೆರೆಯನ್ನು ಹೊಸದು ಕೆಲವು ಕಡೆ 'ಇದು ಬೇಡ' ಅನ್ನುವ ಮೈನಸ್ ಎಂದುಕೊಳ್ಳುತ್ತದೆ.

ಇವನ್ನೆಲ್ಲ ಹಾಗ್ಹಾಗೇ ನಕಲು ಮಾಡಬೇಕಾ? ಹಾಗೆ ಮಾಡುವುದಾದರೆ ಹೊಸ ಪಾರ್ಸರ್ ಯಾಕೆ ಬೇಕಿತ್ತು ಅನ್ನಿಸುತ್ತದೆ. ಮಾಡದಿದ್ದರೆ ನಂಬಿದವರಿಗೆ ಕೈಕೊಟ್ಟ ಹಾಗೆ. ಇಂಥ ಕೆಲಸ ಮಾಡಿದವರು ಹೇಳಿ.

ವ್ಯಾಕರಣಪ್ರಿಯ:

ನಕಲು ಮಾಡಬೇಕಾ ಬೇಡವಾ ಅನ್ನುವುದನ್ನು ಒಟ್ಟಾಗಿ ತೀರ್ಮಾನಿಸಬೇಡಿ. ನೀವು ಕೊಟ್ಟ ಮೂರು ಉದಾಹರಣೆಗಳೂ ಒಂದೇ ಜಾತಿಯವಲ್ಲ.

ಮುಚ್ಚದ ಕೋಟ್ ಸಂಗತಿ ತಗೊಳ್ಳಿ. ಹಳೆಯದು ಒಪ್ಪುತ್ತಿತ್ತು, ಹೊಸದು ಒಪ್ಪುವುದಿಲ್ಲ. ಬಳಕೆದಾರರಿಗೆ ತೊಂದರೆಯೇ, ಆದರೆ ಕಣ್ಣಿಗೆ ಕಾಣುವ ತೊಂದರೆ. ಎರರ್ ಬರುತ್ತದೆ, ಯಾರೋ ಬಂದು ಕೇಳುತ್ತಾರೆ, ಸರಿಮಾಡುತ್ತೀರಿ. ಆ್ಯಂಡ್ ಮತ್ತು ಆರ್ ವಿಷಯ ಹಾಗಲ್ಲ. ಎರಡೂ ಪಾರ್ಸರ್ ಒಪ್ಪುತ್ತವೆ, ಎರಡೂ ಉತ್ತರ ಕೊಡುತ್ತವೆ, ಉತ್ತರ ಮಾತ್ರ ಬೇರೆ. ಯಾರಿಗೂ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ತಪ್ಪು ಗ್ರಾಫ್ ನೋಡಿಕೊಂಡು ಜನ ತೀರ್ಮಾನ ತಗೊಳ್ಳುತ್ತಾರೆ. ಈ ಎರಡನೇ ಜಾತಿಯದನ್ನು ಒಂದನ್ನೂ ಬಿಡಬಾರದು. ಮೊದಲನೆಯದರಲ್ಲಿ ಸ್ವಲ್ಪ ಕೊಡು-ಕೊಳ್ಳುವಿಕೆ ನಡೆಯುತ್ತದೆ.

'ಹಳೇ ಕ್ವೆರಿಗಳೆಲ್ಲ ಹೊಸ ಪಾರ್ಸರ್‌ನಲ್ಲಿ ಪಾಸ್ ಆದವು' ಅಂತ ಹೇಳಿ ಟಿಕೆಟ್ ಮುಚ್ಚುವುದನ್ನು ತುಂಬಾ ಕಡೆ ನೋಡಿದ್ದೇನೆ. ಪಾಸ್ ಆಗುವುದು ಹೊಂದಾಣಿಕೆ ಅಲ್ಲವೇ ಅಲ್ಲ. ಅದೇ ಅರ್ಥ ಬರಬೇಕು.

ಟೇಬಲ್_ಓದುಗ:

ಮೇಲಿನ ಮಾತಿಗೆ ನನ್ನದೂ ಸೇರಿಸಿ. ದೊಡ್ಡ ಡೇಟಾಬೇಸ್‌ಗಳೂ ಇದೇ ದಾರಿಯಲ್ಲಿ ಬಂದಿವೆ, ಅವು ಏನು ಮಾಡಿದವು ಅಂತ ನೋಡಿದರೆ ಲಾಭ ಇದೆ.

ಪೋಸ್ಟ್‌ಗ್ರೆಸ್‌ನಲ್ಲಿ ಮೊದಲು < ಚಿಹ್ನೆಗೂ <= ಚಿಹ್ನೆಗೂ ಬೇರೆ ಬೇರೆ ಆದ್ಯತೆ ಇತ್ತು. ಡೇಟಾಬೇಸ್‌ಗಳ ಕ್ವೆರಿ ಭಾಷೆಯಾದ ಎಸ್‌ಕ್ಯೂಎಲ್‌ನ ಮಾನದಂಡ ಹಾಗೆ ಹೇಳುವುದಿಲ್ಲ. 2016ರ ಜನವರಿಯಲ್ಲಿ ಬಂದ 9.5 ಆವೃತ್ತಿಯಲ್ಲಿ ಅದನ್ನು ಸರಿಮಾಡಿದರು. ಅಂದರೆ ನಿಮ್ಮ ಆ್ಯಂಡ್, ಆರ್ ಸಮಸ್ಯೆಯೇ. ಆದರೆ ಸುಮ್ನೆ ಬದಲಿಸಿ ಕೈತೊಳೆದುಕೊಳ್ಳಲಿಲ್ಲ. ಆಪರೇಟರ್ ಪ್ರೆಸಿಡೆನ್ಸ್ ವಾರ್ನಿಂಗ್ ಅನ್ನುವ ಒಂದು ಸೆಟ್ಟಿಂಗ್ ಕೊಟ್ಟರು. ಅದನ್ನು ಆನ್ ಮಾಡಿದರೆ, ಹೊಸ ಆದ್ಯತೆಯಿಂದ ಅರ್ಥ ಬದಲಾಗಿರಬಹುದಾದ ಕಡೆಗಳಲ್ಲಿ ಎಚ್ಚರಿಕೆ ಬರುತ್ತಿತ್ತು. 14ನೇ ಆವೃತ್ತಿ ಬರುವ ಹೊತ್ತಿಗೆ, 2021ರಲ್ಲಿ, ಆ ಸೆಟ್ಟಿಂಗ್ ತೆಗೆದರು.

ಅದಕ್ಕಿಂತ ನಿಧಾನವಾಗಿ ನಡೆದದ್ದು ಬ್ಯಾಕ್‌ಸ್ಲ್ಯಾಷ್ ಬದಲಾವಣೆ. ಸಾಮಾನ್ಯ ಸ್ಟ್ರಿಂಗ್ (ಕೋಟ್ ನಡುವಿನ ಪಠ್ಯ) ಒಳಗಿನ \ ಅನ್ನು ಪೋಸ್ಟ್‌ಗ್ರೆಸ್ ವಿಶೇಷ ಚಿಹ್ನೆ ಅಂತ ಓದುತ್ತಿತ್ತು. ಮಾನದಂಡದ ಪ್ರಕಾರ ಅದು ಬರೀ ಒಂದು ಅಕ್ಷರ. 2005ರ 8.1ರಲ್ಲೇ ಹಳೇ ಅರ್ಥ ಬೇಕಾದವರಿಗೆ ಅಂತ ಬೇರೆ ಬರವಣಿಗೆ ಕೊಟ್ಟರು, ಸ್ಟ್ರಿಂಗ್‌ನ ಮುಂದೆ ಇ ಅಕ್ಷರ ಹಾಕುವುದು. ಹೊಸ ಅರ್ಥ ತಾನಾಗಿಯೇ ಜಾರಿಗೆ ಬಂದದ್ದು 2011ರ 9.1ರಲ್ಲಿ. ನಡುವೆ ಎಚ್ಚರಿಕೆ ಬರುತ್ತಲೇ ಇತ್ತು. ಮೊದಲು ಪರ್ಯಾಯ, ಆಮೇಲೆ ಎಚ್ಚರಿಕೆ, ಕೊನೆಗೆ ಬದಲಾವಣೆ. ಈ ಅನುಕ್ರಮ ನನಗೆ ತುಂಬಾ ಇಷ್ಟ.

ಮುಚ್ಚದ ಕೋಟ್‌ನಂಥ ಸಡಿಲಿಕೆಗೆ ಒಂದು ಉದಾಹರಣೆ: ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಡಬಲ್ ಕೋಟ್ ಒಳಗಿನ ಹೆಸರಿನ ಕಾಲಮ್ ಇಲ್ಲದಿದ್ದರೆ ಅದನ್ನು ಸ್ಟ್ರಿಂಗ್ ಎಂದುಕೊಂಡು ಮುಂದೆ ಹೋಗುತ್ತದೆ. ಇದು ಇರಬಾರದಿತ್ತು ಅಂತ ಅವರ ದಾಖಲೆಗಳಲ್ಲೇ ಇದೆ. ಆದರೂ ಕಿತ್ತುಹಾಕಲಿಲ್ಲ, ಯಾಕೆಂದರೆ ಅದನ್ನೇ ನಂಬಿದ ಆ್ಯಪ್‌ಗಳು ಲೆಕ್ಕವಿಲ್ಲದಷ್ಟು. 2019ರ 3.29ರಲ್ಲಿ, ಬೇಡ ಅನ್ನುವವರು ಆಫ್ ಮಾಡಿಕೊಳ್ಳಲಿ ಅಂತ ಆಯ್ಕೆ ಕೊಟ್ಟರು.

ಟೆಸ್ಟ್‌ಮೊದಲು:

ಯಾವ ಕ್ವೆರಿಯ ಅರ್ಥ ಬದಲಾಗುತ್ತದೆ ಅಂತ ತಿಳಿಯುವುದು ಹೇಗೆ ಅನ್ನುವುದೇ ಮೊದಲ ಪ್ರಶ್ನೆ. ಕೋಡ್ ಓದಿ ಪಟ್ಟಿ ಮಾಡಿದರೆ ಅರ್ಧವೂ ಸಿಗುವುದಿಲ್ಲ. ನಿಮ್ಮ ನಿಜವಾದ ವ್ಯಾಕರಣ ಇರುವುದು ಆ ಸೇವ್ ಆದ ಕ್ವೆರಿಗಳಲ್ಲಿ.

ನಾನು ಹೀಗೆ ಮಾಡುತ್ತೇನೆ. ಹಳೇ ಪಾರ್ಸರ್ ಎಂದಿನಂತೆ ಉತ್ತರ ಕೊಡುತ್ತಿರಲಿ. ಅದೇ ಕ್ವೆರಿಯನ್ನು ಹಿಂದೆ ಹೊಸದಕ್ಕೂ ಕೊಡಿ. ಎರಡರ ಮರಗಳನ್ನು (ಪಾರ್ಸರ್ ಕ್ವೆರಿಯನ್ನು ಬಿಡಿಸಿ ಕಟ್ಟುವ ಕವಲು ರಚನೆ) ಹೋಲಿಸಿ, ಬೇರೆ ಬಂದರೆ ಬರೆದಿಡಿ. ಹೊಸದು ಕ್ರ್ಯಾಶ್ ಆದರೂ ಬಳಕೆದಾರರಿಗೆ ತಾಗಬಾರದು, ಸಮಯಕ್ಕೂ ಮಿತಿ ಇರಲಿ.

ಹೋಲಿಸುವ ಕಡೆ ಸ್ವಲ್ಪ ನಿಲ್ಲಬೇಕು. ಮರಗಳನ್ನು ಹಾಗೇ ಹೋಲಿಸಿದರೆ ಎಲ್ಲವೂ ಬೇರೆಯಾಗಿಯೇ ಕಾಣುತ್ತವೆ. ಅ ಆರ್ ಬ ಆರ್ ಕ ಅನ್ನುವುದನ್ನು ಒಂದು ಪಾರ್ಸರ್ ಎರಡು ಹಂತದ ಮರ ಮಾಡುತ್ತದೆ, ಇನ್ನೊಂದು ಮೂರು ಮಕ್ಕಳಿರುವ ಒಂದೇ ಗಂಟು ಮಾಡುತ್ತದೆ. ಅರ್ಥ ಒಂದೇ. ಅದಕ್ಕೆ ಎರಡನ್ನೂ ಮೊದಲು ಒಂದೇ ರೂಪಕ್ಕೆ ತನ್ನಿ: ಸಾಲಾಗಿ ಬಂದ ಆರ್‌ಗಳನ್ನು ಒಂದೇ ಮಟ್ಟಕ್ಕೆ ಬಿಡಿಸಿ, ಬೇಡದ ಆವರಣ ತೆಗೆಯಿರಿ, ಎರಡು ಸಲ ಬಂದ 'ಅಲ್ಲ'ವನ್ನು ಹೊಡೆದುಹಾಕಿ. ಈ ಹೆಜ್ಜೆ ತಪ್ಪಿದರೆ ಸುಳ್ಳು ವ್ಯತ್ಯಾಸಗಳ ರಾಶಿಯಲ್ಲಿ ನಿಜವಾದದ್ದು ಮುಚ್ಚಿಹೋಗುತ್ತದೆ. ಆಮೇಲೆ ತಂಡದವರು ಆ ವರದಿ ನೋಡುವುದನ್ನೇ ಬಿಡುತ್ತಾರೆ.

ಇನ್ನೆರಡು ಮಾತು. ಕ್ವೆರಿಗಳಲ್ಲಿ ಜನರ ಇಮೇಲ್, ಫೋನ್ ನಂಬರ್ ಎಲ್ಲ ಇರುತ್ತವೆ. ವ್ಯತ್ಯಾಸದ ಲಾಗ್‌ನಲ್ಲಿ ಅಂಥ ವಿವರಗಳನ್ನು ಅಳಿಸಿ ಕ್ವೆರಿಯ ಆಕಾರ ಮಾತ್ರ ಇಡಿ. ಮತ್ತೆ, ಎರಡು ವಾರ ನೋಡಿ ಸಾಕು ಅಂದುಕೊಳ್ಳಬೇಡಿ. ವರ್ಷದ ಕೊನೆಗೆ ಒಂದೇ ಸಲ ಓಡುವ ವರದಿ ಆ ಎರಡು ವಾರದಲ್ಲಿ ಬರುವುದಿಲ್ಲ. ಓಡುತ್ತಿರುವವನ್ನು ಕಾಯುವುದರ ಜೊತೆಗೆ ಸೇವ್ ಆದ ಎಲ್ಲವನ್ನೂ ಡೇಟಾಬೇಸ್‌ನಿಂದ ನೇರ ತೆಗೆದು ಎರಡೂ ಪಾರ್ಸರ್‌ಗೆ ಕೊಡಿ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆ 2020ರ 3.9ರಲ್ಲಿ ಪಾರ್ಸರ್ ಬದಲಿಸಿದಾಗಲೂ ಹೊಸದು ಹಳೆಯದರ ಮರವನ್ನೇ ಕೊಡಬೇಕು ಅನ್ನುವುದೇ ಅಳತೆಗೋಲಾಗಿತ್ತು. ಹಳೆಯದನ್ನು ಒಂದು ಫ್ಲ್ಯಾಗ್ ಹಿಂದೆ ಇಟ್ಟು, 3.10ರಲ್ಲಿ ತೆಗೆದರು. ಪಾರ್ಸರ್ ಬದಲಾದದ್ದು ಬಹಳ ಜನರಿಗೆ ಗೊತ್ತೇ ಆಗಲಿಲ್ಲ.

ಲಾಗ್‌ಗಾವಲು:

ಒಂದೇ ರೂಪಕ್ಕೆ ತರುವ ಮಾತು ಕಣ್ಣು ತೆರೆಸಿತು. ನಾವು ಮರಗಳನ್ನು ಹಾಗೇ ಹೋಲಿಸಲು ಹೊರಟಿದ್ದೆವು.

ಸರಿ, ವ್ಯತ್ಯಾಸ ಸಿಕ್ಕಿತು ಅಂತಿಟ್ಟುಕೊಳ್ಳಿ. ಮುಂದೆ? ನಾವೇ ಆವರಣ ಸೇರಿಸಿ ಕ್ವೆರಿ ತಿದ್ದಿಬಿಡುವುದಾ?

ಸಹಾಯಕೇಂದ್ರ:

ನಾನು ಕೋಡ್ ಬರೆಯುವವಳಲ್ಲ, ಬಳಕೆದಾರರ ಕರೆ ತೆಗೆದುಕೊಳ್ಳುವವಳು. ಆ ಕಡೆಯಿಂದ ಹೇಳುತ್ತೇನೆ.

ತಿದ್ದಿ, ಆದರೆ ಮುಟ್ಟಬೇಕಾದ ಕಡೆ ಮಾತ್ರ ಮುಟ್ಟಿ. ನಾವು ಬಳಸುವ ಒಂದು ಉತ್ಪನ್ನದವರು ಎಲ್ಲ ಕ್ವೆರಿಗಳನ್ನೂ ಪಾರ್ಸ್ ಮಾಡಿ, ಮರದಿಂದ ಮತ್ತೆ ಅಚ್ಚುಹಾಕಿ ಸೇವ್ ಮಾಡಿದರು. ಅರ್ಥ ಸರಿಯಾಗಿಯೇ ಇತ್ತು. ಆದರೆ ಜನ ಸಾಲು ಸಾಲಾಗಿ ಜೋಡಿಸಿಟ್ಟಿದ್ದೆಲ್ಲ ಒಂದೇ ಉದ್ದ ಸಾಲಾಯಿತು. ನಡುವೆ ಬರೆದುಕೊಂಡಿದ್ದ ಕಾಮೆಂಟ್‌ಗಳು ಹೋದವು. 'ಈ ನಂಬರ್ ಯಾಕೆ ಬಿಟ್ಟಿದ್ದೇವೆ' ಅನ್ನುವಂಥ ಮಾತುಗಳು ಅಲ್ಲಿ ಮಾತ್ರ ಇದ್ದವು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಅದನ್ನು ಯಾರೂ ವಾಪಸ್ ತರಲು ಆಗಲಿಲ್ಲ.

ಇನ್ನೊಂದು, 'ನಿಮ್ಮ ಕ್ವೆರಿ ಬದಲಾಗಬಹುದು, ಪರಿಶೀಲಿಸಿ' ಅಂತ ಎಲ್ಲರಿಗೂ ಮೇಲ್ ಕಳಿಸಬೇಡಿ. ಏನು ಪರಿಶೀಲಿಸಬೇಕು ಅಂತ ಅವರಿಗೆ ಗೊತ್ತಾಗುವುದಿಲ್ಲ. ಯಾರ ಕ್ವೆರಿ ಬದಲಾಗುತ್ತದೋ ಅವರಿಗೆ ಮಾತ್ರ, ಹಳೆಯದು ಹೊಸದು ಅಕ್ಕಪಕ್ಕ ಇಟ್ಟು ತೋರಿಸಿ.

ವ್ಯಾಕರಣಪ್ರಿಯ:

ಸರಿಯಾದ ಮಾತು. ಇದಕ್ಕೆ ತಾಂತ್ರಿಕ ದಾರಿ ಇದೆ. ಪ್ರತಿ ಟೋಕನ್ ಮೂಲ ಪಠ್ಯದಲ್ಲಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅನ್ನುವುದನ್ನು ಹಳೇ ಪಾರ್ಸರ್ ನೆನಪಿಟ್ಟುಕೊಳ್ಳುವ ಹಾಗೆ ಮಾಡಿ. ಆಗ ಮೂಲ ಪಠ್ಯದ ಆ ಎರಡು ಜಾಗದಲ್ಲಿ ಒಂದು ( ಮತ್ತು ಒಂದು ) ತುರುಕಿದರೆ ಮುಗಿಯಿತು. ಉಳಿದದ್ದನ್ನು ಮುಟ್ಟುವುದೇ ಇಲ್ಲ. ತಿದ್ದಿದ ಪಠ್ಯವನ್ನು ಹೊಸ ಪಾರ್ಸರ್‌ಗೆ ಕೊಟ್ಟು, ಹಳೇ ಪಾರ್ಸರ್ ಮೂಲಕ್ಕೆ ಕೊಟ್ಟ ಮರವೇ ಬಂತಾ ಅಂತ ನೋಡಿ. ಬರದಿದ್ದರೆ ಸೇವ್ ಮಾಡಬೇಡಿ, ಮನುಷ್ಯರ ಕೈಗೆ ಕೊಡಿ. ಮೂಲ ಪಠ್ಯದ ಪ್ರತಿಯೂ ಪಕ್ಕದಲ್ಲಿರಲಿ.

ಹಳೇಕೋಡು:

ನನ್ನ ಅಭಿಪ್ರಾಯ ಬೇರೆ. ಬೇರೆಯವರು ಬರೆದಿಟ್ಟ ಕ್ವೆರಿಯನ್ನು ನಾವು ತಿದ್ದಲೇಬಾರದು. ಎಷ್ಟೇ ಜಾಣತನದಿಂದ ಮಾಡಿದರೂ ಅದು ಅವರ ಪಠ್ಯ.

ಪ್ರತಿ ಕ್ವೆರಿಯ ಜೊತೆ ಒಂದು ಆವೃತ್ತಿ ಸಂಖ್ಯೆ ಇಡಿ. ಹಳೆಯವೆಲ್ಲ 1, ಇಂದಿನಿಂದ ಬರೆಯುವವು 2. 1 ಇದ್ದರೆ ಹಳೇ ಪಾರ್ಸರ್, 2 ಇದ್ದರೆ ಹೊಸದು. ಎರಡೂ ಒಂದೇ ಒಳ ಮರವನ್ನು ಕೊಡಲಿ, ಅಲ್ಲಿಂದ ಮುಂದೆ ಎಲ್ಲ ಒಂದೇ ದಾರಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಡೇಟಾಬೇಸ್‌ಗೇ ಹೊಂದಾಣಿಕೆ ಮಟ್ಟ ಅಂತ ಇದೆ, ಯಾವ ಆವೃತ್ತಿಯ ಹಾಗೆ ವರ್ತಿಸಬೇಕು ಅಂತ ಹೇಳುವ ಸಂಖ್ಯೆ. ನಿಯೋ4ಜೆ ಡೇಟಾಬೇಸ್‌ನ ಕ್ವೆರಿ ಭಾಷೆ ಸೈಫರ್, ಅಲ್ಲಿ ಕ್ವೆರಿಯ ಮುಂದೆ ಸೈಫರ್ 5, ಸೈಫರ್ 25 ಅಂತ ಬರೆಯಬಹುದು.

ಗೂಗಲ್‌ನ ಬಿಗ್‌ಕ್ವೆರಿಯಲ್ಲಿ ಹೀಗೆ ಮಾಡದೇ ಬೇರೆ ದಾರಿಯೇ ಇರಲಿಲ್ಲ. ಅದರಲ್ಲಿ ಎರಡು ಭಾಷೆ, ಹಳೆಯದು ಲೆಗಸಿ, ಹೊಸದು ಸ್ಟ್ಯಾಂಡರ್ಡ್. ಲೆಗಸಿ ಎಸ್‌ಕ್ಯೂಎಲ್‌ನಲ್ಲಿ ಎರಡು ಟೇಬಲ್ ಹೆಸರುಗಳ ನಡುವೆ ಅಲ್ಪವಿರಾಮ ಹಾಕಿದರೆ ಒಂದರ ಕೆಳಗೆ ಇನ್ನೊಂದು ಸೇರುತ್ತದೆ, ಅಂದರೆ ಯೂನಿಯನ್ ಆಲ್. ಸ್ಟ್ಯಾಂಡರ್ಡ್‌ನಲ್ಲಿ ಅದೇ ಅಲ್ಪವಿರಾಮ ಕ್ರಾಸ್ ಜಾಯಿನ್. ಇದರ ಪ್ರತಿ ಸಾಲು ಅದರ ಪ್ರತಿ ಸಾಲಿನ ಜೊತೆ ಜೋಡಿ. ಒಂದೇ ಚಿಹ್ನೆಗೆ ಇಷ್ಟು ದೂರದ ಎರಡು ಅರ್ಥ ಇದ್ದಾಗ ಊಹೆ ನಡೆಯುವುದಿಲ್ಲ. ಕ್ವೆರಿಯ ಮೊದಲ ಸಾಲಿನಲ್ಲೇ # ಹಾಕಿ ಯಾವ ಭಾಷೆ ಅಂತ ಹೇಳುವ ವ್ಯವಸ್ಥೆ ಮಾಡಿದರು.

ಟೆಸ್ಟ್‌ಮೊದಲು:

ಹಾಗಾದರೆ ಎರಡು ಪಾರ್ಸರ್‌ಗಳನ್ನು ಎಷ್ಟು ವರ್ಷ ಸಾಕಬೇಕು? ಹೊಸ ಸೌಲಭ್ಯ ಬಂದಾಗಲೆಲ್ಲ ಎರಡಕ್ಕೂ ಸೇರಿಸಬೇಕಲ್ವಾ?

ಹಳೇಕೋಡು:

ಬೇಡ. ಹಳೆಯದಕ್ಕೆ ಅಂದೇ ಬೀಗ. ಭದ್ರತೆಯ ದೋಷ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಹೊಸ ಸೌಲಭ್ಯ ಬೇಕಾದವರು ಕ್ವೆರಿ ತೆರೆದು 2ಕ್ಕೆ ಬರುತ್ತಾರೆ. ಆಗ ವ್ಯಾಕರಣಪ್ರಿಯ ಅವರು ಹೇಳಿದ ತಿದ್ದುಪಡಿಯನ್ನು ಸಲಹೆಯಾಗಿ ತೋರಿಸಿ, ಅವರೇ ಒಪ್ಪಲಿ. ತಿದ್ದುವ ಯಂತ್ರ ಇರಲಿ, ಗುಂಡಿ ಮಾತ್ರ ಕ್ವೆರಿಯ ಯಜಮಾನರ ಕೈಯಲ್ಲಿರಲಿ.

ಮುಖ್ಯವಾದ ಒಂದು ಮಾತು ಬಿಟ್ಟಿದ್ದೆ. ಕ್ವೆರಿಗಳು ನಿಮ್ಮ ಡೇಟಾಬೇಸ್‌ನಲ್ಲಿ ಮಾತ್ರ ಇರುವುದಿಲ್ಲ. ಬುಕ್‌ಮಾರ್ಕ್ ಮಾಡಿದ ಲಿಂಕ್‌ಗಳಲ್ಲಿ, ಎಪಿಐ ಕರೆಯುವ ಸ್ಕ್ರಿಪ್ಟ್‌ಗಳಲ್ಲಿ, ಯಾರದೋ ಕೈಪಿಡಿಯಲ್ಲಿ ಇರುತ್ತವೆ. ಅವಕ್ಕೆ ಸಂಖ್ಯೆ ಅಂಟಿಸಲು ಆಗುವುದಿಲ್ಲ. ಸಂಖ್ಯೆ ಇಲ್ಲದೇ ಬಂದದ್ದೆಲ್ಲ 1 ಅಂತಲೇ ಓದಬೇಕು. ನಿಮ್ಮ ಹುಡುಕುವ ಪುಟದ ಪೆಟ್ಟಿಗೆಯಲ್ಲಿ ಹೊಸದಾಗಿ ಟೈಪ್ ಮಾಡಿದ್ದಕ್ಕೆ ಪುಟವೇ 2 ಅಂತ ಸೇರಿಸಿ ಕಳಿಸಲಿ.

ಟೇಬಲ್_ಓದುಗ:

ಇದಕ್ಕೆ ನಾನೂ ಒಪ್ಪುತ್ತೇನೆ. ಆದರೆ ಹಳೆಯದನ್ನು ಸದಾಕಾಲ ಇಡುತ್ತೇವೆ ಅಂತ ಮಾತು ಕೊಡಬೇಡಿ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ *= ಅಂತ ಬರೆಯುವ ಹಳೇ ಔಟರ್ ಜಾಯಿನ್ (ಎರಡು ಟೇಬಲ್ ಜೋಡಿಸುವ ಒಂದು ರೀತಿ) ಇತ್ತು. 2005ರ ಆವೃತ್ತಿಯ ಮಟ್ಟವಾದ 90ರಲ್ಲಿ ಅದು ನಡೆಯುತ್ತಿರಲಿಲ್ಲ, ಬೇಕಿದ್ದವರು 80ರಲ್ಲಿ ಉಳಿಯಬಹುದಿತ್ತು. 2012ರ ಆವೃತ್ತಿಯಲ್ಲಿ 80 ಅನ್ನುವ ಮಟ್ಟವೇ ಇರಲಿಲ್ಲ. ಅಷ್ಟು ಕಾಲಾವಕಾಶ ಇತ್ತು, ಆದರೂ ಒಂದು ಕೊನೆ ಇತ್ತು.

ಹೊಸಚಿಹ್ನೆ:

ತಡವಾಗಿ ಬಂದೆ. ಎಲ್ಲರೂ ಹಳೇ ಗುಣಗಳ ಬಗ್ಗೆ ಮಾತಾಡುತ್ತಿದ್ದೀರಿ. ಪಾರ್ಸರ್ ಬದಲಿಸುವಾಗ ಜನ ಹೊಸ ಸೌಲಭ್ಯಗಳನ್ನೂ ಜೊತೆಗೇ ತುರುಕುತ್ತಾರೆ. ಹೆಚ್ಚು ಏಟು ಬೀಳುವುದು ಅಲ್ಲೇ.

ಲೂಸೀನ್ ಅನ್ನುವ ಹುಡುಕುವ ಲೈಬ್ರರಿಯ 2012ರ 4.0ರಲ್ಲಿ ಕ್ವೆರಿಯೊಳಗೆ ರೆಜೆಕ್ಸ್ ಬರೆಯುವ ಅವಕಾಶ ಬಂತು, ಎರಡು ಸ್ಲ್ಯಾಷ್‌ಗಳ ನಡುವೆ. ಒಳ್ಳೆಯ ಸೌಲಭ್ಯ. ಆದರೆ ಅಲ್ಲಿಯವರೆಗೆ / ಬರೀ ಒಂದು ಅಕ್ಷರವಾಗಿತ್ತು. ಫೈಲ್ ದಾರಿ, ವೆಬ್ ವಿಳಾಸ ಹುಡುಕುವವರು ಅದನ್ನು ಹಾಗೇ ಬರೆದಿದ್ದರು. /ವರ್/ಲಾಗ್ ಅಂತ ಹುಡುಕಿದರೆ ಮೊದಲ ಎರಡು ಸ್ಲ್ಯಾಷ್‌ಗಳ ನಡುವಿನದ್ದು ರೆಜೆಕ್ಸ್ ಆಗಿಬಿಟ್ಟಿತು. ಒಂದೇ ಸ್ಲ್ಯಾಷ್ ಇದ್ದ ಕಡೆ ಎರರ್. ಸ್ಲ್ಯಾಷ್‌ನ ಹಿಂದೆ ಬ್ಯಾಕ್‌ಸ್ಲ್ಯಾಷ್ ಹಾಕಿಕೊಂಡು ಓಡಾಡಬೇಕಾಯಿತು.

ಹೊಸ ಪದಗಳೂ ಹಾಗೇ. ಮೈಎಸ್‌ಕ್ಯೂಎಲ್ 8.0ರಲ್ಲಿ ವಿಂಡೋ ಫಂಕ್ಷನ್‌ಗಳು ಬಂದವು, ಅದರ ಜೊತೆ ರ‍್ಯಾಂಕ್ ಅನ್ನುವುದು ಕಾಯ್ದಿರಿಸಿದ ಪದವಾಯಿತು, ಅಂದರೆ ಭಾಷೆಯೇ ತನಗಾಗಿ ಇಟ್ಟುಕೊಂಡ ಪದ. ಆ ಹೆಸರಿನ ಕಾಲಮ್ ಇಟ್ಟುಕೊಂಡಿದ್ದವರ ಕ್ವೆರಿಗಳು ಎರರ್ ಕೊಟ್ಟವು. ಅದು ಯಾರಾದರೂ ಇಡುವ ಹೆಸರೇ ಅಲ್ವಾ?

ದೊಡ್ಡ ಡೇಟಾ ಸಂಸ್ಕರಿಸುವ ಸ್ಪಾರ್ಕ್ ಸಾಫ್ಟ್‌ವೇರ್‌ನ 2.0ರಲ್ಲಿ ಸ್ಟ್ರಿಂಗ್ ಒಳಗಿನ ಬ್ಯಾಕ್‌ಸ್ಲ್ಯಾಷ್ ಅನ್ನು ಪಾರ್ಸರ್ ತಾನೇ ಬಿಡಿಸಲು ಶುರುಮಾಡಿತು. ರೆಜೆಕ್ಸ್‌ನಲ್ಲಿ ಒಂದು ಬರೆಯುತ್ತಿದ್ದ ಕಡೆ ಎರಡು ಬೇಕಾಯಿತು. 1.6ರ ವರ್ತನೆಗೆ ಮರಳಲು ಒಂದು ಸೆಟ್ಟಿಂಗ್ ಇಟ್ಟರು.

ನನ್ನ ಬೇಡಿಕೆ ಇಷ್ಟೇ. ಹೊಸ ಪಾರ್ಸರ್ ಮೊದಲ ಸಲ ಹೊರಗೆ ಬರುವಾಗ ಭಾಷೆಗೆ ಏನನ್ನೂ ಸೇರಿಸಬೇಡಿ. ಒಳಗಿನ ಆವರಣವೂ ಬೇಡ. ಮೊದಲು ಹಳೆಯದರ ಅರ್ಥವನ್ನೇ ಕೊಡಲಿ, ನೆಲೆ ನಿಲ್ಲಲಿ. ಎರಡನ್ನೂ ಒಟ್ಟಿಗೆ ಮಾಡಿದರೆ ಏನಾದರೂ ಕೆಟ್ಟಾಗ ಯಾವುದರಿಂದ ಅಂತ ಹೇಳಲು ಆಗುವುದಿಲ್ಲ.

ಅಕ್ಷರಪಾಲಕ:

ಟೋಕನೈಸರ್ ಬಗ್ಗೆ ಒಂದು ಮಾತು, ಇದು ನಮ್ಮ ಲಿಪಿಗೂ ತಾಗುತ್ತದೆ.

ಹಳೆಯದು ಸ್ಪೇಸ್‌ನಲ್ಲಿ ಮಾತ್ರ ಒಡೆಯುತ್ತಿತ್ತು ಅಂದಿರಿ. ಅಂದರೆ ಸ್ಪೇಸ್ ಅಲ್ಲದ ಏನೇ ಇದ್ದರೂ ಪದದೊಳಗೆ ನಡೆಯುತ್ತಿತ್ತು. ಹೊಸದರಲ್ಲಿ 'ಪದ ಅಂದರೆ ಅಕ್ಷರ ಮತ್ತು ಅಂಕೆ' ಅಂತ ಬರೆದಿದ್ದರೆ ಕೂಡಲೇ ನೋಡಿ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಕನ್ನಡದ ಸ್ವರಚಿಹ್ನೆಗಳು, ಒತ್ತಕ್ಷರ ಮಾಡುವ ಅರ್ಧಾಕ್ಷರದ ಚಿಹ್ನೆ ಇವು ಯಾವುವೂ 'ಅಕ್ಷರ' ವರ್ಗದಲ್ಲಿಲ್ಲ, 'ಗುರುತು' ವರ್ಗದಲ್ಲಿವೆ. 'ಪರೀಕ್ಷೆ' ಅನ್ನುವ ಪದ ಆ ಟೋಕನೈಸರ್‌ನಲ್ಲಿ 'ಪರ' ಆದಮೇಲೆ ತುಂಡಾಗುತ್ತದೆ. 'ಟೈಮ್‌ಔಟ್' ಅಂತ ಬರೆಯುವಾಗ ಮ್ ಆದಮೇಲೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆಯೊಂದಿದೆ, ಅದೂ ಬೇರೆ ವರ್ಗ. ಇಂಗ್ಲಿಷ್ ಪರೀಕ್ಷೆಗಳೆಲ್ಲ ಪಾಸ್ ಆಗುತ್ತವೆ, ಹಾಗಾಗಿ ಗೊತ್ತೇ ಆಗುವುದಿಲ್ಲ.

ತಪ್ಪಿನ ಜಾಗ ತೋರಿಸುವಾಗಲೂ ಇದೇ ಎಚ್ಚರ ಬೇಕು. 'ಕ್ಷೆ' ಕಣ್ಣಿಗೆ ಒಂದು ಅಕ್ಷರ, ಯೂನಿಕೋಡ್‌ನಲ್ಲಿ 4 ಸಂಕೇತ, ಯುಟಿಎಫ್-8ರಲ್ಲಿ 12 ಬೈಟ್. ಹಳೆಯದು ಯಾವ ಲೆಕ್ಕ ಕೊಡುತ್ತಿತ್ತೋ ಎಪಿಐಯಲ್ಲಿ ಅದನ್ನೇ ಕೊಡಿ.

ಬಾಟ್‌ಬರಹಗಾರ:

ಮನುಷ್ಯರು ಬರೆಯದ ಕ್ವೆರಿಗಳನ್ನು ಮರೆಯಬೇಡಿ. ನಮ್ಮ ಸ್ಕ್ರಿಪ್ಟ್ ಐಡಿ:1 ಆರ್ ಐಡಿ:2 ಆರ್ ಐಡಿ:3 ಅಂತ ಸಾವಿರಗಟ್ಟಲೆ ಜೋಡಿಸಿ ಕಳಿಸುತ್ತದೆ. ಹಳೇ ಪಾರ್ಸರ್ ಲೂಪ್‌ನಲ್ಲಿ ಓದುತ್ತಿದ್ದರೆ ಏನೂ ಆಗುವುದಿಲ್ಲ. ಪ್ರತಿ ಆರ್‌ಗೂ ತನ್ನನ್ನೇ ಕರೆದುಕೊಳ್ಳುವ ಪಾರ್ಸರ್ ಆದರೆ ಸ್ಟ್ಯಾಕ್ (ಕರೆಗಳನ್ನು ನೆನಪಿಡುವ ಜಾಗ) ತುಂಬಿ ಪ್ರೊಸೆಸ್ಸೇ ಬೀಳುತ್ತದೆ. ಆರ್ ಸರಪಳಿಯನ್ನು ಲೂಪ್‌ನಲ್ಲೇ ಓದಿ. ಆವರಣದ ಆಳಕ್ಕೆ ಮಾತ್ರ ಮಿತಿ ಇಡಿ, ಮೀರಿದರೆ ಅಚ್ಚುಕಟ್ಟಾದ ಎರರ್ ಕೊಡಿ.

ಹಾಗೇ ಎರರ್ ಮಾತುಗಳು. ಅದರ ಪಠ್ಯ ನೋಡಿ ಮತ್ತೆ ಪ್ರಯತ್ನಿಸಬೇಕಾ ಬೇಡವಾ ಅಂತ ತೀರ್ಮಾನಿಸುವ ಸ್ಕ್ರಿಪ್ಟ್‌ಗಳಿವೆ. ಮಾತು ಎಷ್ಟಾದರೂ ಚಂದ ಮಾಡಿ, ಎರರ್ ಕೋಡ್ ಮತ್ತು 'ಕೋರಿಕೆಯೇ ತಪ್ಪು' ಅನ್ನುವ ಎಚ್‌ಟಿಟಿಪಿ 400 ಹಾಗೇ ಇರಲಿ.

ಲಾಗ್‌ಗಾವಲು:

ಎಲ್ಲರಿಗೂ ಧನ್ಯವಾದ. ತಂಡದ ಜೊತೆ ಕೂತು ಇದನ್ನೆಲ್ಲ ಓದಿದೆವು. ಟೋಕನೈಸರ್ ಕೂಡಲೇ ನೋಡಿದೆವು. ಅಕ್ಷರಪಾಲಕ ಅವರು ಹೇಳಿದ ಹಾಗೆಯೇ ಇತ್ತು, ಗುರುತು ವರ್ಗವನ್ನೂ ಆ ಕಾಣದ ಚಿಹ್ನೆಯನ್ನೂ ಸೇರಿಸಿದ್ದೇವೆ.

ಆವೃತ್ತಿ ಸಂಖ್ಯೆ ಇಡುತ್ತೇವೆ, ಸಂಖ್ಯೆ ಇಲ್ಲದ್ದು 1. ಯಾರ ಕ್ವೆರಿಯನ್ನೂ ನಾವಾಗಿ ತಿದ್ದುವುದಿಲ್ಲ. 2ಕ್ಕೆ ಬರುವವರಿಗೆ ಆವರಣ ಸೇರಿಸಿದ ರೂಪವನ್ನು ಪಕ್ಕದಲ್ಲಿ ತೋರಿಸುತ್ತೇವೆ. ಒಂದು ಪ್ರಶ್ನೆ ಉಳಿಯಿತು. ಯಜಮಾನರೇ ಇಲ್ಲದ ಅಲರ್ಟ್‌ಗಳಿವೆ. ಬರೆದವರ ಖಾತೆ ಮುಚ್ಚಿದೆ, ಅಲರ್ಟ್ ಮಾತ್ರ ಇನ್ನೂ ಓಡುತ್ತಿದೆ. ಹಳೇ ಪಾರ್ಸರ್ ತೆಗೆಯುವ ದಿನ ಅವನ್ನು ಏನು ಮಾಡುವುದು?

ಸಹಾಯಕೇಂದ್ರ:

ಬರೆದವರು ಇಲ್ಲದಿದ್ದರೂ ಆ ಅಲರ್ಟ್ ಯಾರಿಗೋ ಹೋಗುತ್ತಿದೆಯಲ್ಲ, ಅವರೇ ಈಗ ಅದರ ಯಜಮಾನರು. ಅಲರ್ಟ್ ಸಂದೇಶದ ಕೆಳಗೇ ಒಂದು ಸಾಲು ಹಾಕಿ: ಈ ಕ್ವೆರಿ ಹಳೇ ಭಾಷೆಯಲ್ಲಿದೆ, ಇಲ್ಲಿ ಒತ್ತಿ ನೋಡಿ. ಮೇಲ್ ಓದದವರೂ ಅಲರ್ಟ್ ಓದುತ್ತಾರೆ.

ಹಳೇಕೋಡು:

ಅದರ ಜೊತೆಗೆ, 1ರಲ್ಲಿ ಓಡುವ ಪ್ರತಿ ಕ್ವೆರಿಯನ್ನೂ ಎಣಿಸಿ, ಕೊನೆಯ ಸಲ ಯಾವಾಗ ಓಡಿತು ಅಂತ ಇಟ್ಟುಕೊಳ್ಳಿ. ತೆಗೆಯುವ ದಿನವನ್ನು ಈಗಲೇ ಘೋಷಿಸಬೇಡಿ. ಒಂದು ಪೂರ್ತಿ ವರ್ಷದ ಎಣಿಕೆ ಕೈಗೆ ಬರಲಿ, ವರ್ಷದ ಕೊನೆಯ ವರದಿಗಳೂ ಅದರಲ್ಲಿ ಬಂದಿರುತ್ತವೆ. ಆಮೇಲೂ ಯಾರೂ ಮುಟ್ಟದೇ ಉಳಿದ ಅಲರ್ಟ್‌ಗಳಿಗೆ, ಎರಡೂ ಪಾರ್ಸರ್ ಒಂದೇ ಮರ ಕೊಟ್ಟರೆ ಸಂಖ್ಯೆ ಮಾತ್ರ 2 ಮಾಡಿ. ಪಠ್ಯ ಮುಟ್ಟುವ ಅಗತ್ಯವೇ ಇಲ್ಲ. ನನ್ನ ಅಂದಾಜಿನಲ್ಲಿ ಬಹುಪಾಲು ಅಲ್ಲೇ ಮುಗಿಯುತ್ತದೆ. ಮರ ಬೇರೆ ಬಂದವುಗಳ ಪಟ್ಟಿ ಚಿಕ್ಕದಿರುತ್ತದೆ, ಅದನ್ನು ಒಂದೊಂದಾಗಿ ಫೋನ್ ಮಾಡಿಯೇ ಕೇಳಬಹುದು.

ಲಾಗ್‌ಗಾವಲು:

ಸಂಖ್ಯೆ ಮಾತ್ರ ಬದಲಿಸುವುದು ನಮಗೆ ಹೊಳೆದೇ ಇರಲಿಲ್ಲ. ಈ ವಾರ ಆವೃತ್ತಿ ಕಾಲಮ್ ಮತ್ತು ಎಣಿಕೆ ಎರಡನ್ನೂ ಹಾಕುತ್ತೇವೆ, ಹೊಸ ಪಾರ್ಸರ್ ಆನ್ ಮಾಡುವುದಕ್ಕೂ ಮೊದಲೇ. ಮರಗಳನ್ನು ಒಂದೇ ರೂಪಕ್ಕೆ ತರುವ ಕೋಡ್ ಬರೆದಮೇಲೆ ಇಲ್ಲೇ ಹಾಕುತ್ತೇನೆ. 'ಅಲ್ಲ' ಬರುವ ಕಡೆಗಳನ್ನು ಟೆಸ್ಟ್‌ಮೊದಲು ಅವರು ಒಮ್ಮೆ ನೋಡಿಕೊಟ್ಟರೆ ಉಪಕಾರ ಆಗುತ್ತದೆ.